ಅದಿರು, ಶೇಂಗಾ, ಮೈಕು: ಕಾನೂನು ಮಾಡುವವರು ಯಾರು?

(ಚಿತ್ರದುರ್ಗದಲ್ಲಿ ಕಾನೂನು ವಿದ್ಯಾರ್ಥಿಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೈಕಿನಿಂದಲೇ ಶುರು ಮಾಡೋಣ. ಇದರ ಸದ್ದು ಎಷ್ಟಿರಬೇಕು, ರಾತ್ರಿ ಎಷ್ಟು ಹೊತ್ತಿನವರೆಗೆ ಕೂಗಬಹುದು ಅಂತ ಕಾನೂನು ಮಾಡುವುದು ಯಾರು? ದಿಲ್ಲಿಯೋ, ಬೆಂಗಳೂರೋ? ನಗಬೇಡಿ, ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅಜ್ಮೀರ್ ಆಗ ಪ್ರತ್ಯೇಕ ರಾಜ್ಯ. ಅಲ್ಲಿನ ಶಾಸನಸಭೆ 1952ರಲ್ಲಿ ಧ್ವನಿವರ್ಧಕ ನಿಯಂತ್ರಣಕ್ಕೆ ಒಂದು ಕಾಯ್ದೆ ಮಾಡಿತು. ಅದರಡಿ ಕೇಸಾದಾಗ ಅಲ್ಲಿ ಹೈಕೋರ್ಟಿನ ಜಾಗದಲ್ಲಿದ್ದ ಜುಡಿಷಿಯಲ್ ಕಮಿಷನರ್ ಕಾಯ್ದೆಯನ್ನೇ ತಳ್ಳಿಹಾಕಿದರು. ಧ್ವನಿವರ್ಧಕವೂ ಅಂಚೆ, ತಂತಿ, ರೇಡಿಯೊ ಥರದ ಸಂಪರ್ಕ ಸಾಧನ. ಅದು ಸಂವಿಧಾನದ ಕೇಂದ್ರ ಪಟ್ಟಿಯ, ಅಂದರೆ ದಿಲ್ಲಿ ಕಾನೂನು ಮಾಡುವ ವಿಷಯಗಳ ಪಟ್ಟಿಯ, 31ನೇ ನಮೂದು. ರಾಜ್ಯಕ್ಕೆ ಅಲ್ಲಿ ಕೆಲಸವಿಲ್ಲ ಅಂದರು.

1958ರ ಡಿಸೆಂಬರಿನಲ್ಲಿ, ಜಿ. ಚಾವ್ಲಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಾಯ್ದೆ ಯಾವ ವಸ್ತುವನ್ನು ಮುಟ್ಟುತ್ತದೆ ಅಂತ ನೋಡಬೇಡಿ, ಅದರ ತಿರುಳು ಏನು ನೋಡಿ ಅಂದಿತು. ಈ ಕಾಯ್ದೆಯ ಗುರಿ ಯಂತ್ರವಲ್ಲ, ಗದ್ದಲ. ಗದ್ದಲದಿಂದ ಕೆಡುವುದು ಜನರ ಆರೋಗ್ಯ, ನೆಮ್ಮದಿ. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೇ ನಮೂದು. ಕಾಯ್ದೆ ಉಳಿಯಿತು.

ಹಾಗಾದರೆ ಮೈಕು ಬೆಂಗಳೂರಿನದು ಅಂತ ಬರೆದುಕೊಳ್ಳಬೇಡಿ. ಇವತ್ತು ಗಣಪತಿ ಹಬ್ಬದಲ್ಲಿ ರಾತ್ರಿ 10ಕ್ಕೆ ಮೈಕ್ ನಿಲ್ಲಿಸಿ ಅಂತ ಪೊಲೀಸರು ಬರುವುದು ದಿಲ್ಲಿಯ ನಿಯಮ ಹಿಡಿದುಕೊಂಡು. ರಾಜ್ಯದ ವಿಷಯ ದಿಲ್ಲಿಯ ಕೈಗೆ ಹೇಗೆ ಹೋಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಟ್ಟಿಗಳು. ಯಾವ ವಿಷಯಕ್ಕೆ ಕೇಂದ್ರ ಕಾನೂನು ಮಾಡಬೇಕು, ಯಾವುದಕ್ಕೆ ರಾಜ್ಯ, ಯಾವುದಕ್ಕೆ ಇಬ್ಬರೂ (ಸಮವರ್ತಿ) ಅಂತ ಹಂಚಿರುವುದು ಸಂವಿಧಾನದ 246ನೇ ವಿಧಿ, ಅದರ ಜೊತೆಗೆ ಏಳನೇ ಅನುಸೂಚಿ. ಶುರುವಿನಲ್ಲಿ ಕೇಂದ್ರ ಪಟ್ಟಿಯಲ್ಲಿ 97 ನಮೂದು, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47. ಪರೀಕ್ಷೆಗೆ ಓದುವವರು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿರುತ್ತೀರಿ. ಸಂಖ್ಯೆಗಿಂತ ಅದು ಯಾವ ಕಡೆಗೆ ಜರುಗಿದೆ ನೋಡಿ. ರಾಜ್ಯ ಪಟ್ಟಿಯಲ್ಲಿ ಈಗ ಜೀವಂತ ಇರುವುದು 59. ಸಮವರ್ತಿ 52ಕ್ಕೆ ಏರಿದೆ. 1976ರ 42ನೇ ತಿದ್ದುಪಡಿಯೊಂದರಲ್ಲೇ ಶಿಕ್ಷಣ, ಅರಣ್ಯ, ವನ್ಯಜೀವಿ ಮತ್ತು ಪಕ್ಷಿ ರಕ್ಷಣೆ, ತೂಕ ಮತ್ತು ಅಳತೆ ರಾಜ್ಯದ ಮನೆಯಿಂದ ಎದ್ದು ಜಂಟಿ ಜಗಲಿಗೆ ಬಂದು ಕೂತವು. ವಾಪಸ್ ಹೋಗಿಲ್ಲ.

ಮೂರು ಪಟ್ಟಿಯ ಈ ಲೆಕ್ಕ 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು. ಅಲ್ಲಿ 59, 54, 36. ಆ ಕಾಯ್ದೆಯಲ್ಲಿ ಯಾವ ಪಟ್ಟಿಗೂ ಸೇರದ ವಿಷಯ ಯಾರದ್ದು ಅಂತ ಹೇಳುವವನು ಗವರ್ನರ್ ಜನರಲ್. ನಮ್ಮ ಸಂವಿಧಾನ 248ನೇ ವಿಧಿಯಲ್ಲಿ ಆ ಶೇಷಾಧಿಕಾರವನ್ನು ಸಂಸತ್ತಿಗೆ ಕೊಟ್ಟಿತು.

ಒಂದು ಸಣ್ಣ ಅಡ್ಡ ಮಾತು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಚಿತ್ರದುರ್ಗದಿಂದ ಅಷ್ಟು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಇಷ್ಟೆಲ್ಲ ಓಡಾಟಕ್ಕೆ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. ಆದರೆ ಮೊಳಕಾಲ್ಮೂರಿನ ಒಂದೇ ಒಂದು ಹಳ್ಳಿಯನ್ನು ಪಕ್ಕದ ಆಂಧ್ರದ ರಾಯದುರ್ಗಕ್ಕೆ ಸೇರಿಸಬೇಕಾದರೆ 3ನೇ ವಿಧಿಯಡಿ ಸಂಸತ್ತೇ ಕಾನೂನು ಮಾಡಬೇಕು. ನಮ್ಮ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು ನಿಜ, ಒಪ್ಪಿಗೆ ಬೇಕಿಲ್ಲ. ಜಿಲ್ಲೆಯ ಗಡಿ ಬೆಂಗಳೂರಿನದು, ರಾಜ್ಯದ ಗಡಿ ದಿಲ್ಲಿಯದು.

ಈಗ ಇವತ್ತಿನ ಮುಖ್ಯ ಮಾತು. ರಾಜ್ಯ ಪಟ್ಟಿಯ ಸಾಕಷ್ಟು ನಮೂದುಗಳಿಗೆ ಒಂದು ಬಾಲ ಇದೆ. "ಇಂಥ ನಮೂದಿಗೆ ಒಳಪಟ್ಟು" ಅನ್ನುವ ಬಾಲ. ನೀರು ರಾಜ್ಯದ್ದು, ಗಣಿ ರಾಜ್ಯದ್ದು, ವ್ಯಾಪಾರ ರಾಜ್ಯದ್ದು ಅಂತ ಭಾಷಣ ಮಾಡುವವರು ತಲೆ ಓದಿರುತ್ತಾರೆ, ಬಾಲ ಓದಿರುವುದಿಲ್ಲ. ಅಧಿಕಾರ ಇರುವುದು ಬಾಲದಲ್ಲಿ.

ಗಣಿ ತೆಗೆದುಕೊಳ್ಳಿ. ಹೊಸದುರ್ಗ, ಹೊಳಲ್ಕೆರೆ ಕಡೆಯವರು ಇಲ್ಲಿ ಇದ್ದೀರಿ, ಅದಿರಿನ ಲಾರಿ ಬಗ್ಗೆ ನಿಮಗೆ ಹೇಳಬೇಕಿಲ್ಲ. ರಾಜ್ಯ ಪಟ್ಟಿಯ 23ನೇ ನಮೂದು: ಗಣಿಗಳ ನಿಯಂತ್ರಣ ಮತ್ತು ಖನಿಜ ಅಭಿವೃದ್ಧಿ. ಬಾಲ: ಕೇಂದ್ರ ಪಟ್ಟಿಗೆ ಒಳಪಟ್ಟು. ಕೇಂದ್ರ ಪಟ್ಟಿಯ 54ನೇ ನಮೂದು ಏನು ಹೇಳುತ್ತದೆ? ಸಾರ್ವಜನಿಕ ಹಿತಕ್ಕೆ ಬೇಕು ಅಂತ ಸಂಸತ್ತು ಕಾನೂನಿನ ಮೂಲಕ ಘೋಷಿಸಿದಷ್ಟು ಮಟ್ಟಿಗೆ ಗಣಿ ನಿಯಂತ್ರಣ ಕೇಂದ್ರದ್ದು. ಸಂಸತ್ತು 1957ರ ಗಣಿ ಮತ್ತು ಖನಿಜ ಕಾಯ್ದೆಯ 2ನೇ ಕಲಮಿನಲ್ಲಿ ಆ ಘೋಷಣೆ ಮಾಡಿದೆ. ಒಂದು ವಾಕ್ಯದ ಘೋಷಣೆ. ಆ ಕಾಯ್ದೆ ಎಷ್ಟು ಜಾಗ ಆಕ್ರಮಿಸಿದೆಯೋ ಅಷ್ಟರ ಮಟ್ಟಿಗೆ ರಾಜ್ಯದ 23ನೇ ನಮೂದು ಖಾಲಿ.

ಹಾಗಾಗಿ ಕಬ್ಬಿಣದ ಅದಿರಿನ ರಾಜಧನ (ರಾಯಲ್ಟಿ) ಎಷ್ಟು ಅಂತ ನಿಗದಿ ಮಾಡುವುದು ಕೇಂದ್ರ. 2014ರಿಂದ ಅದು ಸರಾಸರಿ ಮಾರಾಟ ಬೆಲೆಯ ಶೇ. 15. ಆ ದುಡ್ಡು ಬರುವುದು ರಾಜ್ಯದ ಖಜಾನೆಗೆ. ದರ ಒಬ್ಬರ ಕೈಯಲ್ಲಿ, ಹಣ ಇನ್ನೊಬ್ಬರ ಕೈಯಲ್ಲಿ. ಮರಳು, ಜಲ್ಲಿ, ಕಟ್ಟಡದ ಕಲ್ಲಿನಂಥ ಉಪಖನಿಜಗಳಿಗೆ ನಿಯಮ ಮಾಡುವವರು ರಾಜ್ಯದವರು. ನಮ್ಮಲ್ಲಿ 1994ರ ಉಪಖನಿಜ ರಿಯಾಯಿತಿ ನಿಯಮಗಳಿವೆ. ಆದರೆ ಆ ಅಧಿಕಾರ ಕೂಡ ಕೇಂದ್ರದ ಕಾಯ್ದೆಯ 15ನೇ ಕಲಮಿನಿಂದ ಬಂದದ್ದು. ಯಾವುದು ಉಪಖನಿಜ ಅನ್ನುವುದನ್ನು ಕೇಂದ್ರ ಒಂದು ಅಧಿಸೂಚನೆಯಿಂದ ಬದಲಿಸಬಹುದು. ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ, ಬೆರೈಟ್ 2015ರಲ್ಲಿ ಉಪಖನಿಜ ಆಗಿದ್ದವು, 2025ರ ಫೆಬ್ರುವರಿಯಲ್ಲಿ ಮತ್ತೆ ಪ್ರಧಾನ ಖನಿಜ ಆದವು. ಕಲ್ಲು ಇದ್ದಲ್ಲೇ ಇದೆ, ಕಡತ ಓಡಾಡಿತು.

ಇಲ್ಲಿಗೆ ರಾಜ್ಯದ ಬಾಗಿಲು ಪೂರ್ತಿ ಮುಚ್ಚಿತೇ? ಇಲ್ಲ. 50ನೇ ನಮೂದು ಇದೆ: ಖನಿಜ ಹಕ್ಕುಗಳ ಮೇಲಿನ ತೆರಿಗೆ. ಇದಕ್ಕೂ ಬಾಲ ಇದೆ, ಆದರೆ ಬೇರೆ ಥರದ್ದು: ಖನಿಜ ಅಭಿವೃದ್ಧಿಯ ಕಾನೂನಿನಲ್ಲಿ ಸಂಸತ್ತು ಹಾಕಿದ ಮಿತಿಗಳಿಗೆ ಒಳಪಟ್ಟು. ಮಿತಿ ಹಾಕಬಹುದು ಅಂದರೆ ತಾನೇ ತೆರಿಗೆ ಹಾಕಬಹುದು ಅಂತ ಅಲ್ಲ. ಈ ವ್ಯತ್ಯಾಸ ಇತ್ಯರ್ಥ ಆಗಲು 35 ವರ್ಷ ಹಿಡಿಯಿತು.

1989ರಲ್ಲಿ ಇಂಡಿಯಾ ಸಿಮೆಂಟ್ ಪ್ರಕರಣ. ತಮಿಳುನಾಡು ರಾಜಧನದ ಮೇಲೆ ಸೆಸ್ ಹಾಕಿತ್ತು. ಏಳು ನ್ಯಾಯಮೂರ್ತಿಗಳ ಪೀಠ ಸೆಸ್ ರದ್ದು ಮಾಡುತ್ತ "ರಾಜಧನವೇ ಒಂದು ತೆರಿಗೆ" ಅಂತ ಬರೆಯಿತು. 2004ರಲ್ಲಿ ಕೇಸೋರಾಮ್ ಪ್ರಕರಣದಲ್ಲಿ ಐವರ ಪೀಠದ ಬಹುಮತ ಏನಂದಿತು ಗೊತ್ತೇ? ಆ ವಾಕ್ಯದಲ್ಲಿ ಅಚ್ಚಿನ ತಪ್ಪಾಗಿದೆ, "ರಾಜಧನದ ಮೇಲಿನ ಸೆಸ್ ಒಂದು ತೆರಿಗೆ" ಅಂತ ಇರಬೇಕಿತ್ತು ಅಂದಿತು! ಕಾನೂನು ವಿದ್ಯಾರ್ಥಿಗಳು ಕರಡು ತಿದ್ದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಏಳು ಜನ ಬರೆದದ್ದನ್ನು ಐದು ಜನ ತಿದ್ದಬಹುದೇ ಅನ್ನುವುದೇ ಮುಂದೆ ಪ್ರಶ್ನೆಯಾಗಿ, 2011ರಲ್ಲಿ ವಿಷಯ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು.

ತೀರ್ಪು ಬಂದದ್ದು 2024ರ ಜುಲೈ 25ರಂದು, 8:1 ಬಹುಮತದಲ್ಲಿ. ರಾಜಧನ ತೆರಿಗೆಯಲ್ಲ, ಗುತ್ತಿಗೆ ಪಡೆದವನು ಖನಿಜ ತೆಗೆದದ್ದಕ್ಕೆ ಕೊಡುವ ಪ್ರತಿಫಲ. ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. 1957ರ ಕಾಯ್ದೆ ಅದಕ್ಕೆ ಯಾವ ಮಿತಿಯನ್ನೂ ಹಾಕಿಲ್ಲ. ಖನಿಜ ಇರುವ ಭೂಮಿಯ ಮೇಲೆ 49ನೇ ನಮೂದಿನಡಿ ಕೂಡ ತೆರಿಗೆ ಹಾಕಬಹುದು. ಒಪ್ಪದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯಗಳು ಪೈಪೋಟಿಗೆ ಬಿದ್ದು ತೆರಿಗೆ ಹಾಕಿದರೆ ದೇಶದ ಖನಿಜ ನೀತಿಯೇ ಕೆಡುತ್ತದೆ ಅನ್ನುವುದು ಅವರ ಆತಂಕ. ಆಗಸ್ಟ್ 14ರ ಇನ್ನೊಂದು ಆದೇಶದಲ್ಲಿ ಹಳೇ ಬಾಕಿಯನ್ನೂ 2005ರ ಏಪ್ರಿಲ್ 1ರಿಂದ ಈಚಿನದ್ದನ್ನು ಮಾತ್ರ, 2026ರಿಂದ 12 ವರ್ಷಗಳ ಕಂತಿನಲ್ಲಿ ವಸೂಲಿ ಮಾಡಬಹುದು ಅಂತ ಆಯಿತು. ಅದೇ ಡಿಸೆಂಬರಿನಲ್ಲಿ ನಮ್ಮ ವಿಧಾನಮಂಡಲ ಖನಿಜ ಹಕ್ಕು ಮತ್ತು ಖನಿಜ ಇರುವ ಭೂಮಿಯ ತೆರಿಗೆಗೆ ಮಸೂದೆ ಅಂಗೀಕರಿಸಿತು. ಆದರೆ ಬಾಲ ಹಾಗೇ ಇದೆ. ನಾಳೆ ಸಂಸತ್ತು 1957ರ ಕಾಯ್ದೆಗೆ ತಿದ್ದುಪಡಿ ತಂದು ಮಿತಿ ಹಾಕಬಹುದು ಅಂತ ತೀರ್ಪೇ ಹೇಳಿದೆ.

ನೀರಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. 17ನೇ ನಮೂದು, ನೀರು; ಬಾಲ, ಕೇಂದ್ರ ಪಟ್ಟಿಯ 56ಕ್ಕೆ ಒಳಪಟ್ಟು, ಅಂದರೆ ಅಂತರರಾಜ್ಯ ನದಿಗಳು. ಈ 56ನ್ನು ಸಂಸತ್ತು ಮನಸ್ಸಿಟ್ಟು ಬಳಸಿದ್ದೇ ಕಡಿಮೆ; 1956ರಲ್ಲಿ ನದಿ ಮಂಡಳಿ ಕಾಯ್ದೆ ಮಾಡಿತು, ಅದರಡಿ ಒಂದು ಮಂಡಳಿಯೂ ಆಗಲಿಲ್ಲ. ಜಗಳ ಬಂದರೆ 262ನೇ ವಿಧಿ, ನ್ಯಾಯಮಂಡಳಿ. ನಮ್ಮ ರಾಜ್ಯ ಇದರಲ್ಲಿ ಕೈ ಸುಟ್ಟುಕೊಂಡಿದೆ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ಜುಲೈನಲ್ಲಿ ಕರ್ನಾಟಕ ಸುಗ್ರೀವಾಜ್ಞೆ ಹೊರಡಿಸಿ, ನಮ್ಮ ಅಚ್ಚುಕಟ್ಟಿಗೆ ನಾವೇ ನೀರು ಕಾಪಾಡುತ್ತೇವೆ, ಆ ಆದೇಶ ನಮಗೆ ಲಾಗೂ ಇಲ್ಲ ಅಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ರಾಜ್ಯದ ಕಾನೂನು ರಾಜ್ಯದ ಗಡಿಯೊಳಗೆ, ಇನ್ನೊಂದು ರಾಜ್ಯಕ್ಕೆ ಹರಿಯುವ ನೀರಿನ ಮೇಲೆ ಪರಿಣಾಮ ಬೀರುವ ಶಾಸನ ನಿಮ್ಮ ಅಧಿಕಾರದ ಆಚೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಬಗ್ಗೆ ಕೇಳಬೇಕು ಅಂತ ಕೆಲವರು ಕಾದಿದ್ದೀರಿ ಅಂತ ಕಾಣುತ್ತದೆ. ಅದು ಕಾನೂನು ಮಾಡುವ ಅಧಿಕಾರದ ಪ್ರಶ್ನೆಯಲ್ಲ, ಅನುದಾನದ ಪ್ರಶ್ನೆ. ಏಳನೇ ಅನುಸೂಚಿಯಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.

ಚಳ್ಳಕೆರೆಯ ಶೇಂಗಾಕ್ಕೆ ಬರೋಣ. ಕೃಷಿ ರಾಜ್ಯದ್ದು, 14ನೇ ನಮೂದು. ಸಂತೆ, ಮಾರುಕಟ್ಟೆ ರಾಜ್ಯದ್ದು, 28. ಇದಕ್ಕೆ ಬಾಲವೇ ಇಲ್ಲ. ನಮ್ಮ ಎಪಿಎಂಸಿ ಕಾಯ್ದೆ, 1966ರದ್ದು, ನಿಂತಿರುವುದು ಇಲ್ಲೇ. ಆದರೆ ರಾಜ್ಯದೊಳಗಿನ ವ್ಯಾಪಾರದ 26ನೇ ನಮೂದಿಗೆ ಬಾಲ ಇದೆ: ಸಮವರ್ತಿ ಪಟ್ಟಿಯ 33ಕ್ಕೆ ಒಳಪಟ್ಟು. 1954ರ ಮೂರನೇ ತಿದ್ದುಪಡಿಯಿಂದ ಹಿಗ್ಗಿದ ಆ 33ನ್ನು ಬಿಡಿಸಿ ಓದಿದರೆ ನಮ್ಮ ಎರಡು ಜಿಲ್ಲೆಗಳ ಮಂಡಿಯೊಳಗೆ ಹೊಕ್ಕ ಹಾಗಾಗುತ್ತದೆ. ಆಹಾರ ಪದಾರ್ಥ, ಖಾದ್ಯ ಎಣ್ಣೆಕಾಳು ಮತ್ತು ಎಣ್ಣೆ, ದನದ ಮೇವು ಮತ್ತು ಹಿಂಡಿ, ಹತ್ತಿ, ಹತ್ತಿಬೀಜ. ದಾವಣಗೆರೆಯ ಮೆಕ್ಕೆಜೋಳ ಬಂತು, ಚಳ್ಳಕೆರೆಯ ಶೇಂಗಾ, ಎಣ್ಣೆ, ಹಿಂಡಿ ಬಂತು, ಒಂದು ಕಾಲದಲ್ಲಿ ದಾವಣಗೆರೆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯೂ ಬಂತು.

2020ರ ಮೂರು ಕೃಷಿ ಕಾಯ್ದೆಗಳಿಗೆ ಸಂಸತ್ತು ಹತ್ತಿದ ಏಣಿ ಇದೇ 33. ಎಪಿಎಂಸಿ ಪ್ರಾಂಗಣದ ಗೋಡೆಯೊಳಗೆ ರಾಜ್ಯದ ಕಾಯ್ದೆ ಇರಲಿ, ಗೋಡೆಯಾಚೆ ನಡೆಯುವ ವ್ಯಾಪಾರ ನಮ್ಮದು, ಅಲ್ಲಿ ರಾಜ್ಯ ಸೆಸ್ ಹಾಕುವಂತಿಲ್ಲ ಅಂದಿತು. ಮಾರುಕಟ್ಟೆ ಅಂದರೆ ಗೋಡೆಯೋ ವ್ಯವಹಾರವೋ? ತಿರುಳು 28ರದ್ದೋ 33ರದ್ದೋ? 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನವೆಂಬರಿನಲ್ಲಿ ಸಂಸತ್ತೇ ಕಾಯ್ದೆಗಳನ್ನು ವಾಪಸ್ ಪಡೆಯಿತು. ಪ್ರಶ್ನೆ ತೀರ್ಮಾನವಾಗದೆ ಉಳಿಯಿತು. ನನ್ನ ಅಭಿಪ್ರಾಯ ಕೇಳಿದರೆ, 28ಕ್ಕೆ ಸಂವಿಧಾನ ಬರೆದವರು ಬಾಲ ಅಂಟಿಸದೆ ಬಿಟ್ಟದ್ದು ಮರೆವಿನಿಂದಲ್ಲ.

ಸಮವರ್ತಿ ಪಟ್ಟಿಯಲ್ಲಿ ಇಬ್ಬರೂ ಕಾನೂನು ಮಾಡಿ, ಎರಡೂ ಡಿಕ್ಕಿ ಹೊಡೆದರೆ? 254ನೇ ವಿಧಿ. ಕೇಂದ್ರದ್ದು ನಿಲ್ಲುತ್ತದೆ, ರಾಜ್ಯದ್ದು ಡಿಕ್ಕಿಯಾದಷ್ಟು ಭಾಗ ಬೀಳುತ್ತದೆ. ಆದರೆ ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗೆ ಕಳಿಸಿ ಅಂಕಿತ ಪಡೆದರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ್ದೇ ನಿಲ್ಲುತ್ತದೆ. ಕಂಬಳ ಮತ್ತು ಎತ್ತಿನಗಾಡಿ ಓಟ ಉಳಿದದ್ದು ಹೀಗೆ. ಪ್ರಾಣಿಹಿಂಸೆ ತಡೆ ಸಮವರ್ತಿ ವಿಷಯ. 1960ರ ಕೇಂದ್ರ ಕಾಯ್ದೆ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟ ನಿಲ್ಲಿಸಿದ ಮೇಲೆ ಕರ್ನಾಟಕ ಅದೇ ಕೇಂದ್ರ ಕಾಯ್ದೆಗೆ ರಾಜ್ಯ ತಿದ್ದುಪಡಿ ಮಾಡಿ ರಾಷ್ಟ್ರಪತಿಯ ಅಂಕಿತ ಪಡೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು.

ಇಲ್ಲಿ ಎಡವುವುದು ಎಲ್ಲಿ? ಕಳಿಸುವ ಪತ್ರದಲ್ಲಿ. ಯಾವ ಕೇಂದ್ರ ಕಾಯ್ದೆಯ ಜೊತೆ ಡಿಕ್ಕಿ ಇದೆ ಅಂತ ರಾಜ್ಯ ಹೆಸರಿಸಿ ಬರೆಯಬೇಕು. 2002ರ ಕೈಸರ್-ಇ-ಹಿಂದ್ ತೀರ್ಪಿನ ಪ್ರಕಾರ, ರಾಷ್ಟ್ರಪತಿಯ ಗಮನಕ್ಕೆ ತಂದ ಕಾಯ್ದೆಯ ಮಟ್ಟಿಗೆ ಮಾತ್ರ ಅಂಕಿತದ ರಕ್ಷಣೆ. ಪತ್ರದಲ್ಲಿ ಬಿಟ್ಟುಹೋದ ಕಾಯ್ದೆಯ ಎದುರು ಆ ಅಂಕಿತ ನಿಲ್ಲುವುದಿಲ್ಲ. ಇನ್ನೊಂದು: ಅಂಕಿತ ಶಾಶ್ವತ ಕವಚವಲ್ಲ. ಸಂಸತ್ತು ಆಮೇಲೆ ಅದೇ ವಿಷಯದಲ್ಲಿ ಹೊಸ ಕಾಯ್ದೆ ಮಾಡಿ ಅದನ್ನು ಒಡೆಯಬಹುದು.

ನೀವು ಕೈಯಲ್ಲಿ ಹಿಡಿದ ರಾಜ್ಯದ ಕಾಯ್ದೆ ಯಾವ ಬಗೆಯದು ಅಂತ ತಿಳಿಯಲು ವಕೀಲರ ಬಳಿ ಹೋಗಬೇಕಿಲ್ಲ. ಹೆಸರಿನ ಹತ್ತಿರವೇ ರಾಜಪತ್ರದ ದಿನಾಂಕ, ಅಲ್ಲೇ ಆವರಣದಲ್ಲಿ ಒಂದು ಸಾಲು. ರಾಜ್ಯಪಾಲರ ಅಂಕಿತ ದೊರೆತಿದೆ ಅಂತಿದೆಯೋ, ರಾಷ್ಟ್ರಪತಿಗಳ ಅಂಕಿತ ಅಂತಿದೆಯೋ ನೋಡಿ. ಕೇಂದ್ರ ಕಾಯ್ದೆಯಾದರೆ ಪೀಠಿಕೆ ಓದಿ. ಅಲ್ಲಿ 252ನೇ ವಿಧಿ ಅಂತ ಕಂಡರೆ, ಎರಡು ಅಥವಾ ಹೆಚ್ಚು ರಾಜ್ಯಗಳು ತಾವೇ ನಿರ್ಣಯ ಮಾಡಿ ಸಂಸತ್ತನ್ನು ಕರೆದಿವೆ ಅಂತ ಅರ್ಥ. ಜಗಳೂರಿನ ರಂಗಯ್ಯನದುರ್ಗದ ಕೊಂಡಕುರಿಯನ್ನು ಕಾಯುವ 1972ರ ವನ್ಯಜೀವಿ ಕಾಯ್ದೆ ಹುಟ್ಟಿದ್ದು ಹೀಗೆ. ಆಗ ವನ್ಯಜೀವಿ ಇನ್ನೂ ರಾಜ್ಯದ ವಿಷಯವಾಗಿತ್ತು. ಇದರಲ್ಲಿ ಒಂದು ಕೊಂಡಿ ಇದೆ: ಹೀಗೆ ಒಪ್ಪಿಸಿದ ಮೇಲೆ ಆ ಕಾಯ್ದೆಯನ್ನು ರಾಜ್ಯ ತಾನಾಗಿ ತಿದ್ದುವ ಹಾಗಿಲ್ಲ.

ಪೀಠಿಕೆಯಲ್ಲಿ ವಿಶ್ವಸಂಸ್ಥೆಯ ಸಮ್ಮೇಳನದ ಹೆಸರು ಕಂಡರೆ ಅದು 253, ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡುವ ಅಧಿಕಾರ. ಇಲ್ಲಿ ರಾಜ್ಯ ಪಟ್ಟಿಯ ಬೇಲಿ ಲೆಕ್ಕಕ್ಕಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪೀಠಿಕೆಯಲ್ಲಿ 1972ರ ಸ್ಟಾಕ್‌ಹೋಮ್ ಸಮ್ಮೇಳನ ಇದೆ. ಆ ಕಾಯ್ದೆಯಡಿ ಕೇಂದ್ರ 2000ದಲ್ಲಿ ಶಬ್ದಮಾಲಿನ್ಯ ನಿಯಮ ಮಾಡಿತು. ಮೈಕು ದಿಲ್ಲಿಗೆ ಹೋದದ್ದು ಈ ದಾರಿಯಲ್ಲಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾಜ್ಯಕ್ಕೆ ಉಳಿದಿರುವುದು ವರ್ಷಕ್ಕೆ 15 ದಿನ ಮೀರದಂತೆ, ಹಬ್ಬ ಹುಣ್ಣಿಮೆಗೆ ರಾತ್ರಿ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ.

ರಾಜ್ಯದ ವಿಷಯಕ್ಕೆ ದಿಲ್ಲಿ ಕೈಹಾಕುವ ಇನ್ನೆರಡು ದಾರಿ, ರಾಜ್ಯಸಭೆಯ ಮೂರನೇ ಎರಡು ಬಹುಮತದ 249, ತುರ್ತು ಪರಿಸ್ಥಿತಿಯ 250, ಇವು ಪುಸ್ತಕದಲ್ಲಿವೆ, ಓದಿಕೊಳ್ಳಿ. ತೆರಿಗೆ ಬಗ್ಗೆ ಮಾತ್ರ ಒಂದೆರಡು ಮಾತು. ತೆರಿಗೆಗಳನ್ನು ಎರಡೇ ಪಟ್ಟಿಗೆ ಹಂಚಿದ್ದಾರೆ, ಇಬ್ಬರೂ ಕಾದಾಡದಿರಲಿ ಅಂತ. ಆ ಶಿಸ್ತನ್ನು ಮೊದಲು ಮುರಿದದ್ದು ಜಿಎಸ್‌ಟಿ. 101ನೇ ತಿದ್ದುಪಡಿ ತಂದ 246ಎ ಇಬ್ಬರಿಗೂ ಒಂದೇ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ರಾಜ್ಯದ ಕೈಯಲ್ಲಿ ಉಳಿದ ದೊಡ್ಡ ಗಂಟುಗಳು ಪೆಟ್ರೋಲ್, ಡೀಸೆಲ್ ಮಾರಾಟ ತೆರಿಗೆ, ಕುಡಿಯುವ ಮದ್ಯ, ವಾಹನ ತೆರಿಗೆ, ನೋಂದಣಿ ಮುದ್ರಾಂಕ. ನಿಮ್ಮ ಸಂಬಳದ ಚೀಟಿಯಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300 ಯಾಕೆ? 276ನೇ ವಿಧಿ ವರ್ಷಕ್ಕೆ 2,500 ಮೀರಬಾರದು ಅನ್ನುತ್ತದೆ. 200ರಂತೆ ಹನ್ನೆರಡು ತಿಂಗಳಿಗೆ 2,400. ಉಳಿದ ನೂರನ್ನೂ ರಾಜ್ಯ 2025ರಿಂದ ಬಿಡಲಿಲ್ಲ.

ಕೊನೆಗೆ, ಪಂಚಾಯಿತಿ ಸದಸ್ಯೆಯೊಬ್ಬರು ಚೀಟಿ ಕಳಿಸಿದ್ದಾರೆ: "ಊರಲ್ಲಿ ಮೈಕ್ರೋಫೈನಾನ್ಸ್‌ನವರು ಹೆಣ್ಣುಮಕ್ಕಳ ಮನೆ ಮುಂದೆ ಕೂರುತ್ತಾರೆ. ಲೇವಾದೇವಿ ರಾಜ್ಯದ ವಿಷಯ ಅಂತೀರಿ, ರಾಜ್ಯ ಯಾಕೆ ಬಡ್ಡಿ ಇಳಿಸುವುದಿಲ್ಲ?"

ಅಮ್ಮಾ, ಲೇವಾದೇವಿ ರಾಜ್ಯ ಪಟ್ಟಿಯ 30, ನಿಜ. ಸಾಲಕ್ಕೆ ಬರೆಸಿಕೊಳ್ಳುವ ಪ್ರಾಮಿಸರಿ ನೋಟು ಕೇಂದ್ರದ್ದು. 1947ರಲ್ಲೇ ಖುಲ್ನಾದ ಬ್ಯಾಂಕೊಂದರ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್, ಬಂಗಾಳದ ಲೇವಾದೇವಿ ಕಾಯ್ದೆ ನೋಟನ್ನು ಮುಟ್ಟಿದರೂ ತಿರುಳು ಲೇವಾದೇವಿಯೇ, ಹಾಗಾಗಿ ಸಿಂಧು ಅಂದಿತ್ತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಸಂಸ್ಥೆಗಳಿಗೆ ರಾಜ್ಯದ ಲೇವಾದೇವಿ ಕಾಯ್ದೆ ಅನ್ವಯಿಸದು ಅಂತ 2022ರ ಮೇನಲ್ಲಿ, ಕೇರಳ ಮತ್ತು ಗುಜರಾತಿನ ಪ್ರಕರಣಗಳಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಮೊದಲು ಪಾಸ್‌ಪುಸ್ತಕದ ಮೇಲೆ ಸಂಸ್ಥೆಯ ಪೂರ್ತಿ ಹೆಸರು ಓದಿ, ಅದು ನೋಂದಾಯಿತವೋ ಅಲ್ಲವೋ ನೋಡಿ. ನೋಂದಣಿ ಇಲ್ಲದ್ದಾದರೆ ರಾಜ್ಯದ ಕಾನೂನು, 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾದ ಕಿರುಸಾಲ ಕಾನೂನೂ ಸೇರಿ, ನೇರ ಲಾಗೂ. ನೋಂದಾಯಿತವಾದರೆ ಬಡ್ಡಿ, ಕಂತಿನ ತಕರಾರಿಗೆ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ಕೇಳುವ ಅಧಿಕಾರಿ. ರಿಸರ್ವ್ ಬ್ಯಾಂಕಿನದೇ 2022ರ ನಿರ್ದೇಶನದ ಪ್ರಕಾರ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಮನೆ ಮುಂದೆ ಕೂತು ಬೈದರೆ, ಹೆದರಿಸಿದರೆ ಅದು ಬ್ಯಾಂಕಿಂಗ್ ಅಲ್ಲ, ಅಪರಾಧ. ಪೊಲೀಸು ರಾಜ್ಯ ಪಟ್ಟಿಯ 2ನೇ ನಮೂದು. ಠಾಣೆಯಲ್ಲಿ "ಇದು ಆರ್‌ಬಿಐ ವಿಷಯ" ಅಂತ ವಾಪಸ್ ಕಳಿಸಿದರೆ ಒಪ್ಪಬೇಡಿ; ಬೆದರಿಕೆಯ ದೂರು ಅಂತಲೇ ಬರೆದು ಕೊಟ್ಟು, ಸ್ವೀಕೃತಿ ಪಡೆದು ಬನ್ನಿ.